ಮನೆಯ ಧೂಳಿನಲ್ಲಿರುವ ಅಗ್ನಿನಿರೋಧಕ ರಾಸಾಯನಿಕಗಳ ಅಪಾಯವನ್ನು ಅಳೆಯುವ ಬಗೆ

ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಹೀಗೊಂದು ಮನೆಯಿದೆ ಎಂದುಕೊಳ್ಳೋಣ. ಮನೆಯ ಯಜಮಾನರು ಗುಜರಿ ವ್ಯಾಪಾರಿ; ಹಳೆಯ ಟಿವಿ, ಕಂಪ್ಯೂಟರ್‌ಗಳನ್ನು ಹಿತ್ತಿಲಿನಲ್ಲೇ ಬಿಚ್ಚುತ್ತಾರೆ. ನಡುಮನೆಯ ಸೋಫಾದ ಬಟ್ಟೆ ಹರಿದು, ಒಳಗಿನ ಹಳದಿ ಫೋಮ್ ಪುಡಿಪುಡಿಯಾಗಿ ಉದುರುತ್ತಿದೆ. 12 ಕಿಲೋ ತೂಕದ ಮಗು ಅದೇ ನೆಲದ ಮೇಲೆ ಅಂಬೆಗಾಲಿಟ್ಟು ಆಡಿ, ಅದೇ ಕೈಯನ್ನು ಬಾಯಿಗೆ ಇಡುತ್ತದೆ. ಬೆಂಕಿ ಬೇಗ ಹಬ್ಬದಿರಲೆಂದು ಈ ವಸ್ತುಗಳಿಗೆ ಸೇರಿಸಿರಬಹುದಾದ ರಾಸಾಯನಿಕದಿಂದ ಈ ಮಗುವಿಗೆ ಎಷ್ಟು ಅಪಾಯವಿದೆ ಎಂಬುದನ್ನು ಹೆದರಿಕೆಯಿಂದಲೂ ಉಡಾಫೆಯಿಂದಲೂ ತೀರ್ಮಾನಿಸಲಾಗದು. ಅದನ್ನು ಲೆಕ್ಕ ಹಾಕಿಯೇ ತಿಳಿಯಬೇಕು.

ಮೊದಲು ವಿಷಗುಣ ಬೇರೆ, ಅಪಾಯ ಬೇರೆ ಎಂಬುದನ್ನು ಮನದಟ್ಟು ಮಾಡಿಕೊಳ್ಳಬೇಕು. ರಾಸಾಯನಿಕಕ್ಕೆ ವಿಷಗುಣವಿದ್ದರೂ ಅದು ದೇಹವನ್ನು ಸೇರದಿದ್ದರೆ ಅಪಾಯವಿಲ್ಲ. ಆದ್ದರಿಂದ ಅದು ವಸ್ತುವಿನಿಂದ ಹೊರಬರುತ್ತದೆಯೇ ಎಂದು ಮೊದಲು ಕೇಳಿ. ಸರ್ಕ್ಯೂಟ್ ಬೋರ್ಡುಗಳಲ್ಲಿ ಬಳಸುವ ಟಿಬಿಬಿಪಿಎ ಎಂಬ ಅಗ್ನಿನಿರೋಧಕವು ಬಹುಪಾಲು ರಾಳದೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತದೆ. ಪಿಬಿಡಿಇ ಎಂಬ ಬ್ರೋಮಿನ್‌ಯುಕ್ತ ಗುಂಪಿನ ರಾಸಾಯನಿಕಗಳನ್ನು ಫೋಮ್‌ಗೂ ಪ್ಲಾಸ್ಟಿಕ್‌ಗೂ ಕೇವಲ ಬೆರೆಸಿರುತ್ತಾರೆ. ಅವು ವರ್ಷಗಟ್ಟಲೆ ನಿಧಾನವಾಗಿ ಹೊರಬಂದು ಧೂಳಿಗೆ ಅಂಟಿಕೊಳ್ಳುತ್ತವೆ. ಸ್ಟಾಕ್‌ಹೋಮ್ ಒಪ್ಪಂದ ಎಂಬ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳ ಕುರಿತ ಅಂತರರಾಷ್ಟ್ರೀಯ ಕರಾರು, ಪಿಬಿಡಿಇಯ ಪೆಂಟಾ ಮತ್ತು ಆಕ್ಟಾ ಮಿಶ್ರಣಗಳನ್ನು 2009ರಲ್ಲಿಯೂ ಡೆಕಾ ಮಿಶ್ರಣವನ್ನು 2017ರಲ್ಲಿಯೂ ನಿಷೇಧದ ಪಟ್ಟಿಗೆ ಸೇರಿಸಿತು. ಪೆಂಟಾ, ಆಕ್ಟಾಗಳ ಬಗ್ಗೆ ಭಾರತವು 2018ರಲ್ಲಿ ನಿಯಮ ತಂದಿತು. ಆದರೆ ಅದಕ್ಕೂ ಮುಂಚಿನ ಸಾಮಾನುಗಳು ಇಂದಿಗೂ ಮನೆಗಳಲ್ಲಿ, ಗುಜರಿ ಅಂಗಡಿಗಳಲ್ಲಿ ಉಳಿದುಕೊಂಡಿವೆ. ಪಿಬಿಡಿಇ ಇಲ್ಲವೆಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಅದರ ಬದಲಿಗೆ ಬಂದ ಕ್ಲೋರಿನ್‌ಯುಕ್ತ ಫಾಸ್ಫೇಟುಗಳನ್ನೂ ಪರೀಕ್ಷೆಯಲ್ಲಿ ಸೇರಿಸುವಂತೆ ಪ್ರಯೋಗಾಲಯವನ್ನು ಕೇಳಬೇಕು.

ಧೂಳಿನ ಮಾದರಿ ಸಂಗ್ರಹಿಸುವಾಗಲೇ ಹೆಚ್ಚಿನ ತಪ್ಪುಗಳಾಗುತ್ತವೆ. ನೆಲ ಒರೆಸಿದ ದಿನ ಮಾದರಿ ತೆಗೆಯಬೇಡಿ. ಒಂದು ಚದರ ಮೀಟರ್ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ, ಸ್ವಚ್ಛವಾದ ಕುಂಚದಿಂದ ಧೂಳನ್ನು ಅಲ್ಯೂಮಿನಿಯಂ ಹಾಳೆಯ ಮೇಲೆ ಗುಡಿಸಿಕೊಂಡು, ಗಾಜಿನ ಬಾಟಲಿಯಲ್ಲಿ ಹಾಕಿ ಬೆಳಕು ತಾಗದಂತೆ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಏಕೆಂದರೆ ಅದರಲ್ಲಿರುವ ರಾಸಾಯನಿಕವೇ ಮಾದರಿಯನ್ನು ಕೆಡಿಸಬಹುದು. ಸೋಫಾದ ಬಳಿ, ಮಗು ಮಲಗುವ ಕಡೆ, ಹಿತ್ತಿಲ ಬಾಗಿಲ ಬಳಿ ಬೇರೆ ಬೇರೆ ಮಾದರಿಗಳಿರಲಿ.

ನಮ್ಮ ಬಯಲುಸೀಮೆಯ ಮನೆಗಳಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಲೇಬೇಕು. ಬೇಸಿಗೆಯಲ್ಲಿ ಕಿಟಕಿಯಿಂದ ಕೆಂಪು ಮಣ್ಣು ಒಳನುಗ್ಗುವುದರಿಂದ ಒಂದು ಗ್ರಾಂ ಧೂಳಿನಲ್ಲಿರುವ ರಾಸಾಯನಿಕದ ಪ್ರಮಾಣ ಕಡಿಮೆಯೆಂದು ತೋರಬಹುದು, ಆದರೆ ಮಗುವಿನ ಕೈಗೆ ಅಂಟುವ ಒಟ್ಟು ಧೂಳು ಹೆಚ್ಚಾಗಿರುತ್ತದೆ. ಆದ್ದರಿಂದ ಚದರ ಮೀಟರಿಗೆ ಎಷ್ಟು ಗ್ರಾಂ ಧೂಳು ಸಿಕ್ಕಿತು ಎಂಬುದನ್ನೂ ತಪ್ಪದೆ ಬರೆದಿಟ್ಟುಕೊಳ್ಳಿ.

ಇನ್ನು ಲೆಕ್ಕಕ್ಕೆ ಬರೋಣ. ಇಲ್ಲಿನ ಧೂಳಿನ ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಗ್ರಾಂ ಧೂಳಿನಲ್ಲಿ ಬಿಡಿಇ-99 ಎಂಬ, ಪಿಬಿಡಿಇ ಗುಂಪಿನ ಒಂದು ರಾಸಾಯನಿಕ 2 ಮೈಕ್ರೋಗ್ರಾಂ ಇದೆಯೆಂದೂ, ಮಗು ದಿನಕ್ಕೆ 60 ಮಿಲಿಗ್ರಾಂ ಧೂಳು ನುಂಗುತ್ತದೆಂದೂ ಇಟ್ಟುಕೊಂಡರೆ, ದೇಹ ಸೇರುವುದು 0.12 ಮೈಕ್ರೋಗ್ರಾಂ, 12 ಕಿಲೋ ತೂಕಕ್ಕೆ ಭಾಗಿಸಿದರೆ ಕಿಲೋಗೆ 0.01. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ನಿಗದಿಪಡಿಸಿದ ಮಿತಿ ದಿನಕ್ಕೆ, ದೇಹತೂಕದ ಕಿಲೋಗೆ 0.1 ಮೈಕ್ರೋಗ್ರಾಂ. ದೇಹ ಸೇರುವ ಪ್ರಮಾಣವನ್ನು ಈ ಮಿತಿಯಿಂದ ಭಾಗಿಸಿದರೆ ಸಿಗುವ ಅನುಪಾತ 0.1. ಆದರೆ ಹಿತ್ತಿಲ ಬಾಗಿಲ ಬಳಿಯ ಧೂಳಿನಲ್ಲಿ 20 ಮೈಕ್ರೋಗ್ರಾಂ ಇದ್ದು, ಮಗು 100 ಮಿಲಿಗ್ರಾಂ ನುಂಗಿದರೆ ಅನುಪಾತ ಸುಮಾರು 1.7ಕ್ಕೆ ಏರುತ್ತದೆ. ಇದೇ ಮನೆ, ಇದೇ ಮಗು. ಬದಲಾಗಿದ್ದು ಧೂಳಿನ ಜಾಗ ಮತ್ತು ನುಂಗಿದ ಪ್ರಮಾಣ ಮಾತ್ರ.

ಅನುಪಾತ 1 ದಾಟಿದರೆ ಕಾಯಿಲೆ ಬಂತೆಂದು ಅರ್ಥವಲ್ಲ. ಎಳೆಯ ಇಲಿಗಳ ವರ್ತನೆಯಲ್ಲಿ ವ್ಯತ್ಯಾಸ ಕಂಡ ಅಧ್ಯಯನದಿಂದ ಪಡೆದ, ಕಿಲೋಗೆ 0.29 ಮಿಲಿಗ್ರಾಂ ಎಂಬ ಪ್ರಮಾಣವನ್ನು 3000ದಿಂದ ಭಾಗಿಸಿ ಆ ಮಿತಿಯನ್ನು ಕಂಡುಕೊಳ್ಳಲಾಗಿದೆ. ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸ, ಮನುಷ್ಯರಲ್ಲೇ ಇರುವ ವ್ಯತ್ಯಾಸ, ಮಾಹಿತಿಯ ಕೊರತೆ ಇವೆಲ್ಲವೂ ಆ ಸಂಖ್ಯೆಯಲ್ಲಿವೆ. 1 ದಾಟಿತೆಂದರೆ ಆ ಕಾಪಿನ ಅಂತರ ಕರಗತೊಡಗಿದೆ ಎಂದರ್ಥ. ಬಿಡಿಇ-47, ಬಿಡಿಇ-99, ಬಿಡಿಇ-209 ಮೂರಕ್ಕೂ ಮಿತಿ ನಿಂತಿರುವುದು ಬೆಳೆಯುವ ನರಮಂಡಲದ ಮೇಲಿನ ಪರಿಣಾಮದ ಮೇಲೆಯೇ ಆದ್ದರಿಂದ, ಅವುಗಳ ಅನುಪಾತಗಳನ್ನು ಕೂಡಿಸಿ ನೋಡಬೇಕು.

ಧೂಳಿನ ಲೆಕ್ಕಕ್ಕೆ ಆಹಾರದ್ದನ್ನೂ ಸೇರಿಸಿ. 1973ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಪಿಬಿಬಿ ಎಂಬ ಅಗ್ನಿನಿರೋಧಕವು ಕೈತಪ್ಪಿನಿಂದ ದನದ ಮೇವಿಗೆ ಬೆರೆತು, ಹಾಲು, ಮಾಂಸ, ಮೊಟ್ಟೆಗಳ ಮೂಲಕ ಜನರ ದೇಹ ಸೇರಿತು. ಸೀಮೆಹಸುಗಳನ್ನು ನಂಬಿದ ನಮ್ಮ ಜಿಲ್ಲೆಯಲ್ಲಿ, ಗುಜರಿ ಪ್ಲಾಸ್ಟಿಕ್ ಸುಡುವ ಜಾಗದ ಪಕ್ಕ ಹಸು ಮೇಯುತ್ತಿದ್ದರೆ ಅದನ್ನು ಬರೆದುಕೊಳ್ಳದೆ ಬಿಡಬಾರದು. ಬ್ರೋಮಿನ್ ಇರುವ ಪ್ಲಾಸ್ಟಿಕ್ ಸುಟ್ಟಾಗ ಇನ್ನೂ ವಿಷಕಾರಿಯಾದ ಡಯಾಕ್ಸಿನ್ ಜಾತಿಯ ವಸ್ತುಗಳು ಹುಟ್ಟುತ್ತವೆ. ತಾಯಿಯ ಹಾಲಿನಲ್ಲಿಯೂ ಪಿಬಿಡಿಇ ಕಾಣಿಸುತ್ತದೆ, ಆದರೆ ಆ ಕಾರಣಕ್ಕೆ ಎದೆಹಾಲು ನಿಲ್ಲಿಸುವ ಸಲಹೆಯನ್ನು ಖಂಡಿತ ಕೊಡಬೇಡಿ.

ವರದಿಯಲ್ಲಿ ಅನುಪಾತದ ಪಕ್ಕದಲ್ಲೇ ಯಾವ ಅಂಕಿ ಅಳತೆಯದ್ದು, ಯಾವುದು ಊಹೆಯದ್ದು ಎಂದು ಬೇರ್ಪಡಿಸಿ ಬರೆಯಿರಿ. ನಂತರ ಹರಿದ ಫೋಮ್ ತೆಗೆಸಿ, ಬಿಚ್ಚುವ ಕೆಲಸವನ್ನು ಮನೆಯಿಂದ ದೂರಕ್ಕೆ ಸಾಗಿಸಿ, ಕೆಲಸದ ಬಟ್ಟೆಯನ್ನು ಹೊರಗೇ ಕಳಚಿ, ಊಟಕ್ಕೆ ಮುಂಚೆ ಮಗುವಿನ ಕೈಯನ್ನು ಸೋಪಿನಿಂದ ತೊಳೆಸುವ ಏರ್ಪಾಡಾದ ಮೇಲೆ, ಮೂರು ತಿಂಗಳು ಬಿಟ್ಟು ಅದೇ ಸೀಮೆಸುಣ್ಣದ ಚೌಕದಿಂದ ಮತ್ತೆ ಧೂಳು ತೆಗೆದು ಲೆಕ್ಕ ಹಾಕಿ.