ಮಳೆಗಾಲ ದಾಟಿದ ಆನಿಂಗ್ ಅಕ್ಷರ: ನನ್ನ ಅನುಭವ

ಪಿವಿಸಿ ಬಟ್ಟೆಯ ಆನಿಂಗ್ (ಅಂಗಡಿ ಮುಂದೆ ಚಾಚಿದ ಬಟ್ಟೆಯ ಮಾಡು) ಮೇಲೆ ಇಂಕಿನಲ್ಲಿ ಬರೆದ ಅಕ್ಷರ ನಮ್ಮ ಮಂಗಳೂರಿನ ಮಳೆಗೆ ನಿಲ್ಲುವುದಿಲ್ಲ ಎಂದವರು ಬಂದರಿನಿಂದ ಬಿಜೈವರೆಗೆ ಎಷ್ಟೋ ಮಂದಿ ಇದ್ದಾರೆ. "ಈಗಿನ ಕಾಲದಲ್ಲಿ ಕೈಯಲ್ಲಿ ಬಣ್ಣ ತಟ್ಟುವುದುಂಟಾ ಮಾರಾಯ್ರೆ, ಸ್ಟಿಕ್ಕರ್ ಅಂಟಿಸಿ ಬಿಲ್ ಮಾಡಿ" ಎಂದವರೂ ಅವರೇ. ಹಂಪನಕಟ್ಟೆ ಹತ್ತಿರ ನಾನು ಇಂಕಿನಲ್ಲಿ ಬರೆದ ಒಂದು ಬೇಕರಿಯ ಆನಿಂಗ್ ಪಡುವಣ ಬಿಸಿಲಿಗೆ ಮುಖ ಕೊಟ್ಟು ನಿಂತಿದೆ. ಎರಡು ಮಳೆಗಾಲ ಕಳೆಯಿತು. ಅದರ ಒಂದು ಒತ್ತಕ್ಷರವೂ ಎದ್ದಿಲ್ಲ. ಬೇಕಾದವರು ಹೋಗಿ ಉಗುರಿನಲ್ಲಿ ಕೆರೆದು ನೋಡಬಹುದು.

ಸ್ಟಿಕ್ಕರ್ ನಾನೂ ಬೇಕಾದಷ್ಟು ಅಂಟಿಸಿದವನೇ. ಪಿವಿಸಿ ಬಟ್ಟೆಯನ್ನು ಮೆತ್ತಗೆ ಇಡಲು ಹಾಕಿದ ಪ್ಲಾಸ್ಟಿಸೈಸರ್ ನಿಧಾನಕ್ಕೆ ಮೇಲೆ ಬರುತ್ತದೆ, ಗೋಂದು ಹಿಡಿತ ಬಿಡುತ್ತದೆ. ಮೇಲಿಂದ ಗಾಳಿಗೆ ಬಟ್ಟೆ ಪಟಪಟ ಹೊಡೆಯುತ್ತಲೇ ಇರುತ್ತದೆ. ಮೊದಲು ಏಳುವುದು ಒತ್ತಕ್ಷರದ ಬಾಲ, ಆಮೇಲೆ ತಲೆಕಟ್ಟು. ಒಳ್ಳೆ ವಿನೈಲ್ (ಸ್ಟಿಕ್ಕರ್ ಹಾಳೆ) ಅಂತ ಚದರ ಅಡಿಗೆ 50 ರೂಪಾಯಿ ಹತ್ತಿರ ಕೊಟ್ಟು ತಂದರೂ ಕಥೆ ಅದೇ. ಗಿರಾಕಿ ಜುಲೈಯಲ್ಲಿ ಫೋನ್ ಮಾಡುತ್ತಾರೆ. ಏಣಿ, ಹುಡುಗರ ಸಂಬಳ, ಹೊಸ ವಿನೈಲ್. ಒಂದು ಪುಕ್ಕಟೆ ರಿಪೇರಿಗೆ ಆ ಕೆಲಸದ ಲಾಭ ಪೂರ್ತಿ ನೇತ್ರಾವತಿಗೆ.

ಎನಾಮೆಲ್ ಅದಕ್ಕಿಂತ ಕಷ್ಟ. ಪಿವಿಸಿ ಮೇಲೆ ಅದು ತಿಂಗಳಾದರೂ ಅಂಟಂಟಾಗಿಯೇ ಉಳಿದು ರಸ್ತೆಯ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಗಟ್ಟಿಯಾದ ಕಡೆ ಬಟ್ಟೆ ಮಡಚಿದರೆ ಬಿರುಕು.

ಕೊನೆಗೆ ಕೈ ಹಿಡಿದದ್ದು ಸ್ಕ್ರೀನ್ ಪ್ರಿಂಟಿಂಗ್‌ನವರ ಪಿವಿಸಿ ಇಂಕ್. ಅದರ ಸಾಲ್ವೆಂಟ್ ಬಟ್ಟೆಯ ಮೇಲ್ಪದರವನ್ನೇ ಸ್ವಲ್ಪ ಕರಗಿಸಿ ಒಳಗೆ ಕಚ್ಚುತ್ತದೆ. ಆನಿಂಗ್ ಅಗಲದ ಸ್ಕ್ರೀನ್ (ಮುದ್ರಣದ ಜಾಲರಿ ಚೌಕಟ್ಟು) ಮಾಡಿಸಿದರೆ ಒಂದೇ ಬೋರ್ಡಿಗೆ ಖರ್ಚು ಹುಟ್ಟುವುದಿಲ್ಲ. ಆದ್ದರಿಂದ ನಾನು ವಿನೈಲನ್ನು ಅಕ್ಷರಕ್ಕೆ ಬಳಸುವುದಿಲ್ಲ, ಅಚ್ಚಿಗೆ ಬಳಸುತ್ತೇನೆ. ಪ್ಲಾಟರ್‌ನಲ್ಲಿ (ಕಂಪ್ಯೂಟರ್ ಹೇಳಿದಂತೆ ಬ್ಲೇಡು ಓಡಿಸುವ ಯಂತ್ರ) ಕತ್ತರಿಸಿ, ಅಕ್ಷರದ ಭಾಗ ಕಿತ್ತು, ಸುತ್ತಲಿನದನ್ನು ಬಟ್ಟೆಗೆ ಹಾಕುವುದು. ಅಗ್ಗದ ವಿನೈಲ್ ಸಾಕು, ಗಂಟೆ ಹೊತ್ತು ನಿಂತರೆ ಆಯಿತಲ್ವಾ. ಕೋರಲ್‌ನಲ್ಲಿ (ಡಿಸೈನ್ ಸಾಫ್ಟ್‌ವೇರ್) ಅಕ್ಷರವನ್ನು ಕರ್ವ್, ಅಂದರೆ ಬರೀ ಗೆರೆ, ಮಾಡಿದ ಮೇಲೆ ವೆಲ್ಡ್ ಕೊಟ್ಟು ಒಂದೇ ಆಕಾರ ಮಾಡಲೇಬೇಕು. ಕನ್ನಡ ಫಾಂಟ್‌ಗಳಲ್ಲಿ ಒತ್ತು, ದೀರ್ಘ ಒಂದರ ಮೇಲೊಂದು ಕೂತಿರುತ್ತವೆ, ಬ್ಲೇಡು ಅಕ್ಷರದ ಮಧ್ಯದಲ್ಲೇ ಗೆರೆ ಎಳೆದುಬಿಡುತ್ತದೆ. 'ಥ', 'ಧ' ಬಂದರೆ ಒಳಗಿನ ಚೂರುಗಳು ಟ್ರಾನ್ಸ್‌ಫರ್ ಟೇಪಿನಲ್ಲೇ (ಚೂರುಗಳನ್ನು ಜಾಗ ತಪ್ಪದಂತೆ ಎತ್ತಿಡುವ ಅಂಟುಪಟ್ಟಿ) ಬರಬೇಕು, ಕೈಯಲ್ಲಿ ಕೂರಿಸಿದರೆ ವಾರೆಯಾಗುತ್ತವೆ.

ಬಟ್ಟೆಯನ್ನು ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ, ಮೇಜಿನ ಮೇಲೆ ಬಿಗಿಯಾಗಿ ಎಳೆದು ಕಟ್ಟಿ. ಫ್ರೇಮಿಗೆ ಏರಿದ ಆನಿಂಗ್ ಆದರೆ ಒಳಗಿನಿಂದ ಒಬ್ಬ ಪ್ಲೈವುಡ್ ಒತ್ತಿ ಹಿಡಿಯಬೇಕು. ಬ್ರಷ್ ಬೇಡ, ಅದು ಇಂಕನ್ನು ಅಂಚಿನ ಅಡಿಗೆ ತಳ್ಳುತ್ತದೆ. ಸ್ಪಂಜು ತುಂಡಿನಲ್ಲಿ ಅಚ್ಚಿನ ಅಂಚಿನಿಂದ ಒಳಕ್ಕೆ ತಟ್ಟುತ್ತಾ ಬರಬೇಕು. ಮೊದಲ ಕೋಟು ಬಟ್ಟೆ ಕಾಣುವಷ್ಟು ತೆಳು, ಎರಡನೆಯದು ತುಂಬು. ಬೆರಳಿಟ್ಟರೆ ಅಂಟಬೇಕು, ಬೆರಳಿಗೆ ಬಣ್ಣ ಹತ್ತಬಾರದು. ವಿನೈಲ್ ಕೀಳುವ ಹೊತ್ತು ಅದೇ. ಪೂರ್ತಿ ಒಣಗಲು ಬಿಟ್ಟರೆ ಅಂಚು ಹರಿದು ಬರುತ್ತದೆ.

ತೇವದ ದಿನ ಇಂಕಿನ ಮೇಲೆ ಬಿಳಿ ಮಂಜು ಕೂರುತ್ತದೆ. ಅದಕ್ಕೆ ಇಂಕ್ ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಬೇಕು. ಎಷ್ಟು, ಅದರ ಜೊತೆ ಇನ್ನೇನು ಎಂಬುದು ನಮ್ಮ ಅಂಗಡಿಯಲ್ಲೇ ಇರಲಿ, ಅದೇ ಈಗ ನನ್ನ ಅನ್ನ. ಪಿವಿಡಿಎಫ್ (ಕೊಳೆ ಹಿಡಿಯದ ಒಂದು ಪ್ಲಾಸ್ಟಿಕ್) ಮೇಲ್ಪದರ ಇರುವ ದುಬಾರಿ ಬಟ್ಟೆ ಬಂದರೆ ಹುಷಾರು. ಅದಕ್ಕೆ ಇಂಕ್ ಕಚ್ಚುವುದೇ ಇಲ್ಲ. ಚೂರಿನ ಮೇಲೆ ಬಳಿದು, ಒಣಗಿಸಿ, ಬ್ಲೇಡಿನಲ್ಲಿ ಚೌಕ ಗೀರಿ, ಸೆಲ್ಲೋ ಟೇಪ್ ಹಾಕಿ ಎಳೆದು ನೋಡದೆ ರೇಟ್ ಹೇಳಬೇಡಿ.

ಮಧ್ಯೆ ಆಕ್ರಿಲಿಕ್ ಕ್ಯಾನ್ವಾಸಿನ ಚಪಲವೂ ಹತ್ತಿತ್ತು. ನೀರು ನಿಲ್ಲದ ಫಿನಿಶ್ ಇರುವುದರಿಂದ ಅದರಲ್ಲಿ ಬಣ್ಣವೂ ನಿಲ್ಲುವುದಿಲ್ಲ. ಟೀಶರ್ಟಿನವರ ಹೀಟ್ ಪ್ರೆಸ್ಸಿನಲ್ಲಿ 150 ಡಿಗ್ರಿ ಕೊಟ್ಟೆವು. ಅಕ್ಷರ ಕೂತಿತು, ಸುತ್ತ ಬಟ್ಟೆ ಹೊಳೆದು ಚೌಕಾಕಾರದ ಕಲೆ ಬಿತ್ತು. ಕಡೆಗೆ ಅದೇ ಬಟ್ಟೆಯ ಬೇರೆ ಬಣ್ಣದಲ್ಲಿ ಅಕ್ಷರ ಕತ್ತರಿಸಿ ಹೊಲಿಸಿದೆ. ನೋಡಲು ಬಹಳ ಚೆಂದ. ಆದರೆ ಹತ್ತಿ ನೂಲು ಬೇಗ ಕುಂಬಾಗುತ್ತದೆ, ಪಾಲಿಯೆಸ್ಟರ್ ನೂಲೇ ಬೇಕು. ಇಳಿಜಾರಿನ ಭಾಗದಲ್ಲಿ ಹೊಲಿದರೆ ಸೂಜಿ ತೂತಿನಿಂದ ನೀರು ಗಿರಾಕಿಯ ತಲೆಗೆ ಬೀಳುತ್ತದೆ. ಮುಂದೆ ಇಳಿಬಿದ್ದ ಪಟ್ಟಿಗೆ ಮಾತ್ರ ಅದು ಸರಿ.

2024ರ ಕಾನೂನು ತಿದ್ದುಪಡಿಯಿಂದ ನಾಮಫಲಕದಲ್ಲಿ ಶೇ. 60 ಕನ್ನಡ ಕಡ್ಡಾಯ ಆದಮೇಲೆ ಕೆಲಸ ಜಾಸ್ತಿಯಾಗಿದೆ. ಆದರೆ ಇಳಿಬಿದ್ದ ಪಟ್ಟಿ ಇರುವುದೇ ಒಂಬತ್ತು ಹತ್ತು ಇಂಚು. ಮೊದಲು ಇಂಗ್ಲಿಷಿಗೆ ಅಳತೆ ಮಾಡಿದ ಜಾಗದಲ್ಲಿ ಒತ್ತಕ್ಷರ ಕೂರಿಸಲು ಹೋದರೆ ಅಕ್ಷರ ಇರುವೆಯಷ್ಟಾಗುತ್ತದೆ. ಪಟ್ಟಿ ಹೊಲಿಯುವ ಮೊದಲೇ ಟೈಲರಿಗೆ ಎರಡು ಇಂಚು ಹೆಚ್ಚು ಬಿಡಲು ಹೇಳಿ.

ಇಂಕ್ ಕಿಲೋಗೆ ಐದಾರು ನೂರು ಬೀಳುತ್ತದೆ. ಹತ್ತು ಅಡಿಯ ಆನಿಂಗಿಗೆ ಕಾಲು ಕಿಲೋ ಸಾಕು. ನಾನು ಅಕ್ಷರ ಇರುವ ಜಾಗಕ್ಕೆ ಚದರ ಅಡಿಗೆ 140 ಹೇಳುತ್ತೇನೆ, ಚೌಕಾಸಿ ಮಾಡಿದರೆ 120. ಸ್ಟಿಕ್ಕರಿಗಿಂತ ಜಾಸ್ತಿ ಎಂದು ಮುಖ ತಿರುಗಿಸಿ ಹೋದವರು ಮುಂದಿನ ಏಪ್ರಿಲ್‌ನಲ್ಲಿ ವಾಪಸ್ ಬಂದದ್ದುಂಟು. ಅವರಿಗೆ 140ರಲ್ಲಿ ಒಂದು ರೂಪಾಯಿಯೂ ಕಡಿಮೆ ಇಲ್ಲ.