ಒಂದೇ ಡಿಸ್ಟಿಲರಿಯ 15, 21, 25: ನಾನು ಹೋಲಿಸಿ ನೋಡುವ ಬಗೆ

ಹಳೆಯ ಸಿಂಗಲ್ ಮಾಲ್ಟ್‌ಗಳಲ್ಲಿ, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಇಳಿಸಿದ ವಿಸ್ಕಿಗಳಲ್ಲಿ, ವಯಸ್ಸು (ಪೀಪಾಯಿಯಲ್ಲಿ ಕಳೆದ ವರ್ಷಗಳು) ಏನು ಮಾಡಿದೆ ಎಂದು ತಿಳಿಯಬೇಕಾದರೆ ಬೇರೆ ಬೇರೆ ಡಿಸ್ಟಿಲರಿಗಳ ಬಾಟಲಿ ಸಾಲಾಗಿ ಇಡಬಾರದು. ಹೊಗೆ ವಾಸನೆಯ ಲಾಗವೂಲಿನ್ 16ರ ಪಕ್ಕ ಸ್ಕಾಟ್ಲೆಂಡಿನ ಸ್ಪೇಸೈಡ್ ಪ್ರದೇಶದ 18 ವರ್ಷದ್ದನ್ನು ಇಟ್ಟರೆ ಪೀಟ್ (ಬಾರ್ಲಿ ಒಣಗಿಸಲು ಉರಿಸುವ ಜೌಗು ಮಣ್ಣು) ಹೊಗೆ ಮುಂದೆ ಬಂದು ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಅದಕ್ಕೇ ನಾನು ಗ್ಲೆನ್‌ಫಾರ್ಕ್ಲಾಸ್‌ನ 15, 21, 25 ಮೂರನ್ನೇ ಆರಿಸಿಕೊಂಡೆ. ಸ್ಪೇಸೈಡಿನ ಒಂದೇ ಡಿಸ್ಟಿಲರಿ, ಹೊಗೆಯಿಲ್ಲದ ಮಾಲ್ಟ್, ಶೆರ್ರಿ ಎಂಬ ಸ್ಪ್ಯಾನಿಷ್ ವೈನಿನ ಪೀಪಾಯಿಗಳಿಗೆ ಹೆಸರಾದ ಮನೆ. ಆದರೂ ಒಂದು ತೊಡಕಿದೆ: 15 ವರ್ಷದ್ದರಲ್ಲಿ ಮದ್ಯಸಾರ 46%, ಉಳಿದೆರಡರಲ್ಲಿ 43%. ಈ ಮೂರು ಅಂಕದ ವ್ಯತ್ಯಾಸ ಚಿಕ್ಕದೆಂದು ಬಿಟ್ಟರೆ ಹೋಲಿಕೆ ಕೆಟ್ಟಿತು. ಮದ್ಯಸಾರ ಹೆಚ್ಚಿದ್ದದ್ದು ಬಾಯಲ್ಲಿ ದಪ್ಪ, ದುಂಡು ಅನ್ನಿಸುತ್ತದೆ. ನಾವು ಅದನ್ನು ಗುಣ ಅಂದುಕೊಳ್ಳುತ್ತೇವೆ.

ಹಾಗಾಗಿ ಮೊದಲು ಬಲ ಸರಿದೂಗಿಸುವುದು. ಮೆಡಿಕಲ್ ಶಾಪಿನಲ್ಲಿ ಸಿಗುವ 5 ಮಿ.ಲೀ. ಸಿರಿಂಜ್, ಸೂಜಿ ಬೇಡ. ಪ್ರತಿ ಲೋಟಕ್ಕೆ 15 ಮಿ.ಲೀ. ವಿಸ್ಕಿ. 46%ದಕ್ಕೆ ಮಾತ್ರ 1 ಮಿ.ಲೀ. ನೀರು. 15ನ್ನು 46ರಿಂದ ಗುಣಿಸಿ 16ರಿಂದ ಭಾಗಿಸಿದರೆ 43.1, ಇಷ್ಟು ಸಾಕು. ಭಾರತದಲ್ಲಿ ಮಾರುವ ಬಾಟಲಿಗಳ ಮೇಲೆ 42.8 ಎಂದಿರುವುದೂ ಉಂಟು, ಆದ್ದರಿಂದ ಕೈಯಲ್ಲಿರುವ ಬಾಟಲಿಯ ಲೇಬಲ್ ಓದಿಯೇ ಲೆಕ್ಕ ಹಾಕಬೇಕು. ನೀರು ಸಪ್ಪೆಯದಾಗಿರಲಿ. ಬೆಂಗಳೂರಿನ ಬೋರ್‌ವೆಲ್ ಗಡಸು ನೀರು ಹಾಕಿದರೆ ಸುಣ್ಣದ ರುಚಿ ನೇರವಾಗಿ ವಿಸ್ಕಿಗೆ ಇಳಿಯುತ್ತದೆ.

ಎರಡನೆಯದು, ಇಡೀ ಕೆಲಸದಲ್ಲಿ ನಾನು ಬಿಡದೆ ಪಾಲಿಸುವುದು: ಮೂರು ವಿಸ್ಕಿಗೆ ನಾಲ್ಕು ಲೋಟ. ಯಾವುದೋ ಒಂದು ವಿಸ್ಕಿ ಎರಡು ಲೋಟಗಳಲ್ಲಿ ಇರುತ್ತದೆ. ಸುರಿಯುವುದು ಮನೆಯ ಬೇರೆಯವರು. ಲೋಟದ ತಳಕ್ಕೆ ಗುರುತಿನ ಚೀಟಿ ಅಂಟಿಸಿ, ಜಾಗ ಅದಲುಬದಲು ಮಾಡಿ ಕೊಡುತ್ತಾರೆ. ಬರೆದು ಮುಗಿಸಿದ ಮೇಲೆ ಆ ಜೋಡಿ ಲೋಟಗಳಿಗೆ ನಾನು ಬೇರೆ ಬೇರೆ ವಿವರಣೆ ಬರೆದಿದ್ದರೆ ಆ ದಿನದ ಟಿಪ್ಪಣಿ ಪೂರ್ತಿ ಹರಿದು ಹಾಕುತ್ತೇನೆ. ಮೂಗು ಅವತ್ತು ಸರಿಯಿಲ್ಲ ಎಂದೇ ಅರ್ಥ. ಈ ಪರೀಕ್ಷೆಯಿಲ್ಲದ ಟಿಪ್ಪಣಿಯನ್ನು ನಾನು ನಂಬುವುದಿಲ್ಲ, ಅದು ಯಾರದೇ ಆಗಲಿ.

ಬಾಯಿ ಕಿರಿದಾದ ಗ್ಲೆನ್‌ಕೇರ್ನ್ ಲೋಟ ಒಳ್ಳೆಯದು. ಬಿಸಿನೀರಿನಲ್ಲಿ ತೊಳೆದು ನೆಟ್ಟಗೆ ಒಣಗಿಸಿ. ಮರದ ಬೀರುವಿನಲ್ಲಿ ಬೋರಲಾಗಿಟ್ಟ ಲೋಟ ಮುಗ್ಗಲು ವಾಸನೆ ಹಿಡಿಯುತ್ತದೆ, ಅದನ್ನು ‘ಹಳೆ ಓಕ್’ ಎಂದು ಬರೆದುಕೊಳ್ಳುವವರಿದ್ದಾರೆ. ಕೋಣೆಯಲ್ಲಿ ಊದುಬತ್ತಿ ಹಚ್ಚಿರಬಾರದು, ಅಡುಗೆಮನೆಯಲ್ಲಿ ಒಗ್ಗರಣೆ ಆಗಿರಬಾರದು. ಖಾರದ ಊಟ, ಕಾಫಿ, ಎಲೆಅಡಿಕೆ ಆಗಿ ಎರಡು ಗಂಟೆಯಾದರೂ ಕಳೆದಿರಲಿ.

ಸುರಿದ ಮೇಲೆ ಮುಚ್ಚಳ ಮುಚ್ಚಿ 15 ನಿಮಿಷ ಬಿಡುತ್ತೇನೆ. ಮೂಸುವಾಗ ಮೂಗನ್ನು ಲೋಟದೊಳಗೆ ಇಳಿಸುವುದಿಲ್ಲ. ಅಂಚಿನ ಹತ್ತಿರ ಹಿಡಿದು, ತುಟಿ ಸ್ವಲ್ಪ ತೆರೆದು, ಸಣ್ಣ ಸಣ್ಣದಾಗಿ ಮೂರು ಸಲ. ಘಾಟು ಹೊಡೆದು ಮೂಗು ಜಡವಾದರೆ ಸ್ವಂತ ಮುಂಗೈ ಮೂಸಿ ಒಂದು ನಿಮಿಷ ಕಾಯುವುದು. ನಾಲ್ಕನ್ನೂ ಮೂಸಿ ಬರೆದಾದ ಮೇಲೆಯೇ ಬಾಯಿಗೆ. ಅರ್ಧ ಚಮಚದಷ್ಟು ನಾಲಿಗೆಯ ಮೇಲೆ ಹತ್ತು ಸೆಕೆಂಡು ಆಡಿಸಿ ಉಗಿಯುತ್ತೇನೆ. ನುಂಗುತ್ತ ಹೋದರೆ ಮೂರನೇ ಲೋಟದ ಹೊತ್ತಿಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ವಯಸ್ಸನ್ನು ಎಲ್ಲಿ ಹುಡುಕಬೇಕು? ಬಣ್ಣದಲ್ಲಿ ಬೇಡ, ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನ ಅನುಮತಿ ಇದೆ. ಸಿಹಿಯಲ್ಲೂ ಬೇಡ. ನನಗೆ ಸಿಕ್ಕ ನಂಬಿಕಸ್ಥ ಗುರುತು ಒಗರು. 15ರಲ್ಲಿ ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ ಎದ್ದು ಕಾಣುತ್ತವೆ, ಗುಟುಕು ಹೋದ ಮೇಲೆ ಬಾಯಿ ನೀರೂರುತ್ತದೆ. 25ರಲ್ಲಿ ಅದೇ ಹಣ್ಣು ಉತ್ತತ್ತಿಯಂತೆ ಒಣಗಿ, ಹಿಂದೆ ಅಡಿಕೆ ಚೊಗರು ಬರುತ್ತದೆ: ಒಸಡು, ಕೆನ್ನೆಯ ಒಳಬದಿ ಬಿಗಿಯುತ್ತವೆ. ಅದು ಓಕ್ ಮರದ ಟ್ಯಾನಿನ್. 21 ಇವೆರಡರ ನಡುವೆ ಮೆತ್ತಗಿದೆ, ಗುರುತು ಹಿಡಿಯಲು ಕಷ್ಟ ಅದೇ.

ಮೊದಲ ಸುತ್ತು ಮುಗಿದಾಗ ಲೋಟದಲ್ಲಿ 10 ಮಿ.ಲೀ. ಉಳಿಸಿಕೊಂಡು 2 ಮಿ.ಲೀ. ನೀರು ಹಾಕಿ, 36%ರ ಆಸುಪಾಸಿಗೆ ಇಳಿಸಿ, ಮತ್ತೆ ಮೊದಲಿನಿಂದ. ಈಗ ಮರದ ಒಗರು ಇನ್ನೂ ಸ್ಪಷ್ಟ. ಚಿಲ್ ಫಿಲ್ಟರ್ ಮಾಡದ, ಅಂದರೆ ತಣ್ಣಗಾಗಿಸಿ ಸೋಸದ ವಿಸ್ಕಿ ನೀರು ಬಿದ್ದಾಗ ಮಸುಕಾದರೆ ಗಾಬರಿ ಬೇಡ. ಕೊಬ್ಬಿನಾಮ್ಲಗಳ ಎಸ್ಟರ್‌ಗಳು ಬೇರೆಯಾದದ್ದಷ್ಟೆ, ಕೆಟ್ಟಿಲ್ಲ.

ಲೇಬಲ್‌ನ ಅಂಕಿ ಒಳಗಿರುವ ಅತಿ ಎಳೆಯ ವಿಸ್ಕಿಯ ವಯಸ್ಸು. ವಿಸ್ಕಿಯನ್ನು ಮೊದಲ ಸಲ ತುಂಬಿದ ಪೀಪಾಯಿಯ 12 ವರ್ಷದ್ದು, ಹಲವು ಸಲ ಬಳಸಿದ ಪೀಪಾಯಿಯ 25ಕ್ಕಿಂತ ಹೆಚ್ಚು ಮರ ಉಂಡಿರಬಹುದು. ಹವೆಯೂ ಅಷ್ಟೇ ಮುಖ್ಯ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2% ಆವಿಯಾದರೆ ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ 10ರಿಂದ 12% ಹೋಗುತ್ತದೆ, ಪೀಪಾಯಿಯ ಕೆಲಸವೂ ಬೇಗ. ಆದ್ದರಿಂದ ಇಲ್ಲಿನ 8 ವರ್ಷವನ್ನು ಅಲ್ಲಿನ 8ರ ಪಕ್ಕ ಇಟ್ಟು ತೂಗುವುದು ನ್ಯಾಯವಲ್ಲ.

ಇದೇ ಹೋಲಿಕೆ ಕನಿಷ್ಠ ಎರಡು ದಿನ, ಲೋಟಗಳ ಕ್ರಮ ಬದಲಿಸಿ ಮಾಡಬೇಕು. ಬಾಟಲಿ ಮೂರನೇ ಒಂದು ಭಾಗಕ್ಕೆ ಇಳಿದ ಕೂಡಲೇ ಉಳಿದದ್ದನ್ನು 30 ಮಿ.ಲೀ. ಗಾಜಿನ ಶೀಶೆಗಳಿಗೆ ಕತ್ತಿನವರೆಗೆ ತುಂಬಿ ಕತ್ತಲಲ್ಲಿಡುತ್ತೇನೆ. ಗಾಳಿಯೊಂದಿಗೆ ತಿಂಗಳುಗಟ್ಟಲೆ ಕೂತ 25ನ್ನು ಹೊಸದಾಗಿ ತೆರೆದ 15ರ ಜೊತೆ ಹೋಲಿಸಿದರೆ, ಹಣ್ಣಿನ ಪರಿಮಳ ಸೋತು ಕಾಣುವುದು ಗಾಳಿಯಿಂದ. ತಪ್ಪು ವಯಸ್ಸಿನ ತಲೆಗೆ ಬರುತ್ತದೆ.