ಹಳೆಯ ಸಿಡಿಗಳಿಗಾಗಿ ಡ್ರೈವ್ ಆರಿಸಿದ್ದು

ನನಗೆ ಡಿವಿಡಿ ಡ್ರೈವ್ ಬೇಕಾಗಿದ್ದು ಬರೆಯುವುದಕ್ಕಲ್ಲ, ಓದುವುದಕ್ಕೆ. ಅಪ್ಪ ಕ್ಯಾಸೆಟ್‌ಗಳಿಂದ ಎಂಪಿ3 ಮಾಡಿಸಿಟ್ಟಿದ್ದ ತಾಳಮದ್ದಳೆಗಳು, ಅಕ್ಕನ ಮದುವೆಯ ವಿಸಿಡಿ, ಭಾವನ ಹ್ಯಾಂಡಿಕ್ಯಾಮ್‌ನ ಪುಟ್ಟ ಡಿಸ್ಕುಗಳು ಎಲ್ಲವೂ ಕಪಾಟಿನಲ್ಲಿ ಕುಳಿತಿದ್ದವು. 700 ಎಂಬಿಯ ಒಂದು ಸಿಡಿಯಲ್ಲಿ 128 ಕೆಬಿಪಿಎಸ್‌ನ ಎಂಪಿ3 ಹನ್ನೆರಡು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಒಂದು ಸಿಡಿ ಹಾಳಾದರೆ ಇಡೀ ರಾತ್ರಿಯ ಕೂಟವೇ ಹೋದಂತೆ.

ಉದ್ದೇಶ ಇದಾದ ಮೇಲೆ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸುವ 24ಎಕ್ಸ್ ಎಂಬ ಅಂಕಿಗೆ ನಾನು ಬೆಲೆ ಕೊಡಲಿಲ್ಲ. ಅದು ಡಿವಿಡಿ ಬರೆಯುವ ವೇಗ, ಅದೂ ಡಿಸ್ಕಿನ ಹೊರ ಅಂಚಿಗೆ ಬಂದಾಗ ಮಾತ್ರ ಸಿಗುವಂಥದ್ದು. ಗೀರು ಬಿದ್ದ ಹಳೆಯ ಸಿಡಿಯ ಎದುರು ಎಲ್ಲ ಡ್ರೈವ್‌ಗಳೂ ತಡವರಿಸುತ್ತವೆ. ಯಾವುದು ಬೇಗ ಕೈಚೆಲ್ಲುತ್ತದೆ, ಯಾವುದು ಪಟ್ಟು ಹಿಡಿದು ಓದುತ್ತದೆ ಎಂಬುದನ್ನು ಯಾವ ಪೆಟ್ಟಿಗೆಯೂ ಹೇಳುವುದಿಲ್ಲ.

ಮೊದಲು ಕಣ್ಣಿಗೆ ಬೀಳುವುದು ಯುಎಸ್‌ಬಿಯ ತೆಳು ಡ್ರೈವ್. ಒಳಗಿರುವುದು ಲ್ಯಾಪ್‌ಟಾಪಿನ ಡ್ರೈವೇ. ನೆಂಟರ ಮನೆಯಿಂದ ಒಂದನ್ನು ತಂದು ನೋಡಿದೆ. ಕಂಪ್ಯೂಟರಿನ ಮುಂಭಾಗದ ಪೋರ್ಟಿಗೆ ಹಾಕಿದರೆ ಡಿಸ್ಕ್ ತಿರುಗಲು ಆರಂಭಿಸಿದೊಡನೆ ಟಕ್ ಎಂದು ಸಂಪರ್ಕ ಕಡಿದುಕೊಳ್ಳುತ್ತಿತ್ತು. ಯುಎಸ್‌ಬಿ 2 ಪೋರ್ಟಿನ ಮಿತಿ 500 ಮಿಲಿಆಂಪ್. ಮೋಟರು ಶುರುವಾಗುವಾಗ ಅಷ್ಟು ಸಾಲದು. ಹಿಂಭಾಗದ ಯುಎಸ್‌ಬಿ 3 ಪೋರ್ಟಿನಲ್ಲಿ ಅದೇ ಡ್ರೈವ್ ತೆಪ್ಪಗೆ ನಡೆಯಿತು. ಆದರೆ ಅದನ್ನು ನಾನು ಬೇಡವೆಂದದ್ದು ಬೇರೆ ಕಾರಣಕ್ಕೆ. ತೆಳು ಡ್ರೈವ್‌ನಲ್ಲಿ ಡಿಸ್ಕನ್ನು ನಾವೇ ನಡುವಿನ ಗುಬುಟಿಗೆ ಒತ್ತಿ ಕೂರಿಸಬೇಕು, ತೆಗೆಯುವಾಗ ಅಂಚು ಹಿಡಿದು ಎತ್ತಬೇಕು. ಪ್ರತಿ ಸಲವೂ ಡಿಸ್ಕ್ ತುಸು ಬಾಗುತ್ತದೆ. ಹೊಸ ಡಿಸ್ಕಿಗೆ ಅದು ಲೆಕ್ಕಕ್ಕಿಲ್ಲ, ಮೇಲಿನ ಪದರ ಸಿಪ್ಪೆ ಏಳುತ್ತಿರುವ ಸಿಡಿಯನ್ನು ಹಾಗೆ ಬಾಗಿಸಲು ನನಗೆ ಮನಸ್ಸು ಬರಲಿಲ್ಲ. ಡೆಸ್ಕ್‌ಟಾಪಿನ ದೊಡ್ಡ ಡ್ರೈವ್ ಡಿಸ್ಕನ್ನು ಟ್ರೇಯಲ್ಲಿ ಸುಮ್ಮನೆ ಮಲಗಿಸಿಕೊಂಡು ಒಳಗೆ ಹೋದ ಮೇಲೆ ಮೇಲಿನಿಂದ ಹಿಡಿಯುತ್ತದೆ. ಸೀಳಿನಲ್ಲಿ ತೂರಿಸುವ ಬಗೆಯಂತೂ ಬೇಡವೇ ಬೇಡ. ಹ್ಯಾಂಡಿಕ್ಯಾಮ್‌ನ 8 ಸೆಂ.ಮೀ. ಡಿಸ್ಕನ್ನು ಅದಕ್ಕೆ ಹಾಕುವಂತಿಲ್ಲ.

ನನ್ನ ಕ್ಯಾಬಿನೆಟ್‌ನಲ್ಲಿ ದೊಡ್ಡ ಡ್ರೈವ್ ಕೂರಿಸುವ 5.25 ಇಂಚಿನ ಜಾಗವೇ ಇರಲಿಲ್ಲ. ಡ್ರೈವಿನ ಸಾಟಾ ಜೋಡಣೆಯನ್ನು ಯುಎಸ್‌ಬಿಗೆ ಹೊಂದಿಸುವ ಸಾಟಾ-ಯುಎಸ್‌ಬಿ ಅಡಾಪ್ಟರ್ ಕೊಂಡು ಡ್ರೈವನ್ನು ಮೇಜಿನ ಮೇಲೆಯೇ ಇಟ್ಟೆ. ಇಲ್ಲಿ ಗಮನಿಸಬೇಕಾದದ್ದಿದೆ: 2.5 ಇಂಚಿನ ಹಾರ್ಡ್ ಡಿಸ್ಕಿಗೆಂದು ಮಾರುವ ಅಗ್ಗದ ಕೇಬಲ್ 5 ವೋಲ್ಟ್ ಮಾತ್ರ ಕೊಡುತ್ತದೆ. ದೊಡ್ಡ ಡ್ರೈವ್‌ಗೆ 12 ವೋಲ್ಟ್ ಸಹ ಬೇಕು. ಗೋಡೆಯ ಪ್ಲಗ್ಗಿಗೆ ಹಾಕುವ ಪವರ್ ಅಡಾಪ್ಟರ್ ಜೊತೆಗಿರುವುದನ್ನೇ ಕೇಳಿ ತೆಗೆದುಕೊಳ್ಳಬೇಕು.

ಡ್ರೈವ್‌ಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಕಚೇರಿಗಳ ಹಳೆಯ ಕಂಪ್ಯೂಟರುಗಳಿಂದ ಕಿತ್ತ ಡ್ರೈವ್‌ಗಳು ಅಲ್ಲಿ ರಾಶಿಯಾಗಿ ಬಿದ್ದಿರುತ್ತವೆ. ಹಿಂದೆ ಅಗಲವಾದ 40 ಪಿನ್ನಿನ ಸಾಲಿದ್ದರೆ ಅದು ಐಡಿಇ ಎಂಬ ಹಳೆಯ ಜೋಡಣೆಯದು, ನನ್ನ ಸಾಟಾ ಅಡಾಪ್ಟರಿಗೆ ಹೊಂದುವುದಿಲ್ಲ. ಅವನ್ನು ಬದಿಗಿಟ್ಟೆ. ಉಳಿದವುಗಳಲ್ಲಿ ಟ್ರೇ ತಡೆಯಿಲ್ಲದೆ ಹೊರಬರುವಂಥವನ್ನು ಆರಿಸಿ, ಮನೆಯಿಂದ ಒಯ್ದಿದ್ದ ಸಿಡಿಗಳಲ್ಲೇ ಅತಿ ಕೆಟ್ಟದ್ದನ್ನು ಒಂದೊಂದಕ್ಕೂ ಹಾಕಿಸಿದೆ. ತೂಕಕ್ಕೆ ಹಾಕುವ ಮಾಲಿಗೆ ಇಷ್ಟೊಂದು ಪರೀಕ್ಷೆಯೇ ಎಂದು ಅಂಗಡಿಯವರು ನಕ್ಕರೂ ಸ್ಟೂಲ್ ಎಳೆದು ಕೊಟ್ಟರು. ಒಂದು ಡ್ರೈವ್ ಫೈಲುಗಳ ಪಟ್ಟಿಯನ್ನೇ ತೋರಿಸಲಿಲ್ಲ. ಇನ್ನೊಂದು ಅದೇ ಸಿಡಿಯ ಬಹುಪಾಲನ್ನು ಓದಿತು. ಒಬ್ಬ ಔಷಧದಂಗಡಿಯವನು ಓದಲಾರದ ವೈದ್ಯರ ಚೀಟಿಯನ್ನು ಪಕ್ಕದಂಗಡಿಯವನು ಸಲೀಸಾಗಿ ಓದುವಂತೆಯೇ ಇದು. ಹೀಗಾಗಿ ಬೇರೆ ಬೇರೆ ತಯಾರಕರ ಎರಡು ಡ್ರೈವ್‌ಗಳನ್ನು ತಂದೆ. ಒಂದು ಹೊಸದಕ್ಕಿಂತ ಎರಡು ಹಳೆಯವೇ ಲೇಸು ಎಂದು ಈಗಲೂ ವಾದಿಸುತ್ತೇನೆ.

ಎರಡರ ನಿಜವಾದ ಉಪಯೋಗ ಹಾಳಾದ ಡಿಸ್ಕಿನಿಂದ ಮಾಹಿತಿ ಉಳಿಸಿಕೊಳ್ಳುವ, ಲಿನಕ್ಸ್‌ನ ಡಿಡಿರೆಸ್ಕ್ಯೂ ತಂತ್ರಾಂಶದಲ್ಲಿ ಕಾಣುತ್ತದೆ. ಅದು ಓದಲಾಗದ ಸೆಕ್ಟರುಗಳನ್ನು, ಅಂದರೆ ಡಿಸ್ಕಿನ ಮಾಹಿತಿಯ ಪುಟ್ಟ ತುಣುಕುಗಳನ್ನು, ಒಂದು ಮ್ಯಾಪ್ ಫೈಲಿನಲ್ಲಿ ಗುರುತಿಟ್ಟುಕೊಳ್ಳುತ್ತದೆ. ಸಿಡಿಯನ್ನು ಎರಡನೆಯ ಡ್ರೈವ್‌ಗೆ ಹಾಕಿ ಅದೇ ಮ್ಯಾಪ್ ಕೊಟ್ಟರೆ ಬಿಟ್ಟುಹೋದ ಜಾಗಗಳನ್ನಷ್ಟೇ ಮತ್ತೆ ಓದಲು ಯತ್ನಿಸುತ್ತದೆ. ಅಪ್ಪನ ಒಂದು ತಾಳಮದ್ದಳೆ ಹೀಗೆ ಎರಡು ಡ್ರೈವ್‌ಗಳ ನಡುವೆ ಓಡಾಡಿಯೇ ಪೂರ್ತಿಯಾಯಿತು. ವಿಸಿಡಿಗೆ ಈ ಉಪಾಯ ಸರಿಹೊಂದುವುದಿಲ್ಲ. ಅದರ ವೀಡಿಯೊ ಸೆಕ್ಟರಿನಲ್ಲಿ ಸಾಮಾನ್ಯ ಡೇಟಾ ಸಿಡಿಯ 2048 ಬೈಟಿನ ಬದಲು 2324 ಬೈಟ್ ಇರುತ್ತದೆ. ತಪ್ಪು ತಿದ್ದುವ ಹೆಚ್ಚುವರಿ ಸಂಕೇತಗಳನ್ನು ಬಿಟ್ಟು ಉಳಿಸಿದ ಜಾಗವದು. ಮದುವೆಯ ಚಿತ್ರ ಸಣ್ಣ ಗೀರಿಗೂ ಚೌಕಚೌಕವಾಗಿ ಒಡೆಯುವುದು ಇದರಿಂದಲೇ. ಎಂಪೆಗ್‌ಎವಿ ಫೋಲ್ಡರಿನ ಡ್ಯಾಟ್ ಫೈಲನ್ನು ವಿಂಡೋಸ್‌ನಲ್ಲಿ ನಕಲು ಮಾಡಿಕೊಂಡೆ. ವಿಎಲ್‌ಸಿ ಪ್ಲೇಯರ್ ಅದನ್ನು ತೋರಿಸುತ್ತದೆ.

ಬ್ಲೂ-ರೇ ಡ್ರೈವ್‌ನ ಯೋಚನೆಯನ್ನೇ ಮಾಡಲಿಲ್ಲ, ನಮ್ಮಲ್ಲಿ ಅಂಥ ಡಿಸ್ಕ್ ಒಂದೂ ಇಲ್ಲ.

ಡ್ರೈವ್ ಹುಡುಕುವ ಮೊದಲು ಸಿಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುವುದು ಒಳ್ಳೆಯದು. ಕೆಳಮೈಯ ಗೀರು ಅಷ್ಟೇನೂ ಅಪಾಯವಲ್ಲ. ಬೆಳಕು ಸೂಜಿರಂಧ್ರಗಳಂತೆ ತೂರಿ ಬಂದರೆ ಹೆಸರು ಬರೆಯುವ ಮೇಲ್ಮೈಯ ಕೆಳಗಿರುವ ಪ್ರತಿಫಲಕ ಪದರವೇ ಉದುರಿದೆ ಎಂದರ್ಥ. ಅಲ್ಲಿದ್ದ ಮಾಹಿತಿಯನ್ನು ಯಾವ ಡ್ರೈವೂ ಮರಳಿ ತರಲಾರದು. ಹ್ಯಾಂಡಿಕ್ಯಾಮ್‌ನ ಡಿಸ್ಕ್ ಖಾಲಿ ಎಂದು ತೋರಿಸಿದರೆ ಮಾತ್ರ ಎಸೆಯಬೇಡಿ. ಬಹುಶಃ ಅದನ್ನು ಫೈನಲೈಸ್ ಮಾಡಿರುವುದಿಲ್ಲ, ಅಂದರೆ ಬೇರೆ ಡ್ರೈವ್‌ಗಳೂ ಓದುವಂತೆ ಕೊನೆಯಲ್ಲಿ ಮುಗಿಸಿ ಮುಚ್ಚಿರುವುದಿಲ್ಲ. ಭಾವನ ಕ್ಯಾಮೆರಾ ಇನ್ನೂ ಚಾಲೂ ಇದ್ದುದರಿಂದ ಆ ಕೆಲಸವನ್ನು ಅದರಲ್ಲೇ ಮುಗಿಸಿಕೊಂಡೆವು.